ಬಿಸಿಲ ನಾಡಿನಲ್ಲಿ ವಿಟಮಿನ್ ಡಿ ಕೊರತೆ: ನನ್ನ ಅನುಭವ

ಕಲಬುರಗಿಯಲ್ಲಿ ಗರ್ಭಿಣಿಯರ ವಿಟಮಿನ್ ಡಿ ಮಟ್ಟವನ್ನು ಅಳೆಯುವ ಅಧ್ಯಯನ ಆರಂಭಿಸಿದ ಮೊದಲ ವಾರದಲ್ಲೇ, ತೊಗರಿ ಹೊಲದಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ತನ್ನ ವರದಿಯನ್ನು ಕೇಳಿ ನಕ್ಕುಬಿಟ್ಟಳು. "ಬಿಸಿಲಾಗೇ ಹುಟ್ಟೀವಿ, ಬಿಸಿಲಾಗೇ ಸಾಯ್ತೀವಿ. ನಮಗ ಬಿಸಿಲು ಕಮ್ಮಿ ಅಂತೀರಲ್ರೀ ಡಾಕ್ಟರ್!" ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಈ ಮಾತಿಗೆ ಎದುರಾಡುವುದು ಸುಲಭವಿರಲಿಲ್ಲ. ಆದರೆ ಆಕೆಯ ರಕ್ತದಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ (ವಿಟಮಿನ್ ಡಿ ಮಟ್ಟ ತಿಳಿಯಲು ರಕ್ತದಲ್ಲಿ ಅಳೆಯುವ ರೂಪ) ಪ್ರಮಾಣವು ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕೆಳಗಿತ್ತು. ಕೊರತೆಯೆಂದು ಸಾಮಾನ್ಯವಾಗಿ ಗೆರೆ ಎಳೆಯುವುದು ಅಲ್ಲಿಯೇ.

ನಾನು ಮೊದಲು ಅನುಮಾನಿಸಿದ್ದು ಪ್ರಯೋಗಾಲಯವನ್ನು. ರಕ್ತದ ನಳಿಕೆಗಳಿಗೆ ಬೆಳಕು ತಾಗದಿರಲೆಂದು ಬೆಳ್ಳಿಹಾಳೆ ಸುತ್ತಿಸಿದೆ, ಐಸ್ ಪೆಟ್ಟಿಗೆಗಾಗಿ ಓಡಾಡಿದೆ. ಈ ಅಣು ಬೆಳಕಿಗೂ ಶಾಖಕ್ಕೂ ಅಷ್ಟು ಬೇಗ ಕೆಡುವುದಲ್ಲವೆಂಬುದನ್ನು ಆಮೇಲೆ ಓದಿಕೊಂಡು, ವ್ಯರ್ಥವಾದ ಬೆಳ್ಳಿಹಾಳೆಗೆ ಸ್ವಲ್ಪ ಮರುಗಿದೆ. ತಪ್ಪು ಇದ್ದದ್ದು ನಮ್ಮ ಪ್ರಶ್ನಾವಳಿಯಲ್ಲಿ. "ದಿನಕ್ಕೆ ಎಷ್ಟು ನಿಮಿಷ ಬಿಸಿಲಿನಲ್ಲಿರುತ್ತೀರಿ?" ಎಂಬ ಪ್ರಶ್ನೆಯನ್ನು ತಣ್ಣನೆಯ ದೇಶಗಳ ನಮೂನೆಯಿಂದ ಎತ್ತಿಕೊಂಡಿದ್ದೆವು, ಅದಕ್ಕೆ ಹೊಲದ ಹೆಣ್ಣುಮಕ್ಕಳೆಲ್ಲ ಕೊಟ್ಟ ಉತ್ತರ ಒಂದೇ: "ದಿನಪೂರ್ತಿ."

ಕಸ (ಕಳೆ) ತೆಗೆಯುವ ದಿನಗಳಲ್ಲಿ ನಾನೇ ಹೊಲಕ್ಕೆ ಹೋಗಿ ನಿಂತಾಗ ಆ ಉತ್ತರದ ಅರ್ಥ ತಿಳಿಯಿತು. ಸೀರೆಯ ಮೇಲೆ ಗಂಡನ ತುಂಬು ತೋಳಿನ ಅಂಗಿ, ಅದರ ಗುಂಡಿಗಳನ್ನು ಮಣಿಕಟ್ಟಿನವರೆಗೆ ಹಾಕಿರುತ್ತಾರೆ. ತಲೆಯ ಮೇಲಿನ ಸೆರಗು ಕೆನ್ನೆಯನ್ನು ಸುತ್ತಿ ಗಲ್ಲದ ಕೆಳಗೆ ಗಂಟಾಗಿರುತ್ತದೆ. ಹೊರಗೆ ಕಾಣುವುದು ಕಣ್ಣು, ಮೂಗು ಮತ್ತು ಮಣಿಕಟ್ಟಿನಿಂದ ಕೆಳಗಿನ ಕೈ ಮಾತ್ರ. ಮೈ ಸುಡುವ ಝಳವೇ ಬೇರೆ, ವಿಟಮಿನ್ ತಯಾರಿಸುವ ಕಿರಣವೇ ಬೇರೆ. ಚರ್ಮದಲ್ಲಿರುವ 7-ಡಿಹೈಡ್ರೊಕೊಲೆಸ್ಟೆರಾಲ್ ಎಂಬ ವಸ್ತುವಿನ ಮೇಲೆ ನೇರಳಾತೀತ ಬಿ ಕಿರಣ ಬಿದ್ದರಷ್ಟೇ ಕೆಲಸ ಆರಂಭವಾಗುತ್ತದೆ, ಮತ್ತು ಆ ಕಿರಣದ ಬಹುಪಾಲನ್ನು ಅಂಗಿಯ ಬಟ್ಟೆ ತಡೆಯುತ್ತದೆ. ಮನೆಯ ಹಿರಿಯರು ಹೇಳುವ ಎಳೆ ಬಿಸಿಲಿನಲ್ಲಿಯೂ ಅದು ಕಡಿಮೆ, ಏಕೆಂದರೆ ಸೂರ್ಯ ಕೆಳಗಿದ್ದಾಗ ಕಿರಣವು ವಾತಾವರಣದಲ್ಲಿ ಹೆಚ್ಚು ದೂರ ಸಾಗಿ ಬರಬೇಕು. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗುವ ಹೊತ್ತಿಗೆ ಅದು ಚೆನ್ನಾಗಿ ಸಿಗುತ್ತದೆ, ಆದರೆ ಆ ಹೊತ್ತಿನಲ್ಲಿ ಸೆರಗು ತೆಗೆಯಿರಿ ಎಂದು ಇಲ್ಲಿ ಯಾರಿಗೆ ಹೇಳಲಿ?

ಎರಡನೆಯ ತಪ್ಪು ಪೂರ್ತಿ ನನ್ನದೇ. ವಿಟಮಿನ್ ಡಿ ಕೊರತೆಗೂ ಬಸಿರಿನ ರಕ್ತದೊತ್ತಡಕ್ಕೂ ನಂಟಿದೆಯೇ ಎಂದು ನೋಡಹೊರಟಿದ್ದೆ. ಬಸಿರಿನಲ್ಲಿ ರಕ್ತದೊತ್ತಡ ಏರಿದವರ ಮಾದರಿಗಳಲ್ಲಿ ಹೆಚ್ಚಿನವನ್ನು ಮೋಡದ ಮಳೆಗಾಲದಲ್ಲಿ ಪಡೆದಿದ್ದೆವು. ಹೋಲಿಕೆಗೆ ಬೇಕಿದ್ದ ಆರೋಗ್ಯವಂತರ ಮಾದರಿಗಳನ್ನು ಪ್ರಬಂಧದ ಗಡುವು ಹತ್ತಿರವಾದಾಗ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ತರಾತುರಿಯಿಂದ ಕೂಡಿಸಿದೆವು. ಎರಡು ಗುಂಪಿನ ನಡುವೆ ದೊಡ್ಡ ಅಂತರ ಕಂಡಾಗ ಹಿಗ್ಗಿದೆ. ಸಂಖ್ಯಾಶಾಸ್ತ್ರದ ಸಹೋದ್ಯೋಗಿಯೊಬ್ಬರು ಪಟ್ಟಿಯನ್ನು ತಿಂಗಳ ಪ್ರಕಾರ ಮರುಜೋಡಿಸಿಕೊಟ್ಟಾಗ ಆ ಅಂತರದ ಬಹುಭಾಗ ಕರಗಿಹೋಯಿತು. 25-ಹೈಡ್ರಾಕ್ಸಿ ವಿಟಮಿನ್ ಡಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 2ರಿಂದ 3 ವಾರ ಬೇಕಾಗುವುದರಿಂದ ಅದು ಕಳೆದ ಕೆಲವು ವಾರಗಳ ಬಿಸಿಲನ್ನು ತೋರಿಸುತ್ತದೆ. ನಾನು ಹವಾಮಾನವನ್ನು ಅಳೆದು ಅದಕ್ಕೆ ಕಾಯಿಲೆಯ ಹೆಸರಿಟ್ಟಿದ್ದೆ. ಆ ಪ್ರಬಂಧವನ್ನು ಹಿಂತೆಗೆದುಕೊಂಡೆ, ಅಂದಿನಿಂದ ಅದೇ ತಿಂಗಳಲ್ಲಿ ಬಂದ ಜೋಡಿ ಸಿಗದಿದ್ದರೆ ಮಾದರಿಯನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.

ಪಿಸಿಒಡಿ (ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗುವ ಸ್ಥಿತಿ) ಇರುವವರಲ್ಲಿಯೂ ಇದೇ ತೊಡಕು. ಬೊಜ್ಜು ವಿಟಮಿನ್ ಡಿಯನ್ನು ಕೊಬ್ಬಿನಲ್ಲಿ ಹಿಡಿದಿಟ್ಟು ರಕ್ತದ ಮಟ್ಟವನ್ನು ಇಳಿಸುತ್ತದೆ, ಅದೇ ಬೊಜ್ಜು ಮುಟ್ಟನ್ನೂ ಏರುಪೇರು ಮಾಡುತ್ತದೆ. ಆದ್ದರಿಂದ ಎರಡೂ ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಮಕ್ಕಳಾಗುವ ಔಷಧಿಯೆಂದು ವಿಟಮಿನ್ ಡಿಯ 60,000 ಯೂನಿಟ್ಟಿನ ಪೊಟ್ಟಣವನ್ನು ಬರೆದುಕೊಡುವುದು ನನಗೆ ಒಪ್ಪಿಗೆಯಿಲ್ಲ. ಗರ್ಭಿಣಿಯರೆಲ್ಲರಿಗೂ ವಿಟಮಿನ್ ಡಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಶಿಫಾರಸೂ ಹೇಳುವುದಿಲ್ಲ. ಕೊರತೆ ಇರುವವರಿಗೆ ನಾನು ಖಂಡಿತ ಕೊಡುತ್ತೇನೆ, ಆದರೆ ವಾರಕ್ಕೊಂದು ಎಂಬುದನ್ನು ಮೂರು ಸಲ ಹೇಳಿ, ವಾರದ ಯಾವ ದಿನ ಎಂದು ಅವರ ಬಾಯಿಂದಲೇ ಹೇಳಿಸುತ್ತೇನೆ. ವಾರದ ಪೊಟ್ಟಣವನ್ನು ದಿನವೂ ನೀರಿಗೆ ಹಾಕಿಕೊಂಡು ಕುಡಿದು, ವಾಂತಿ ಮತ್ತು ತಡೆಯಲಾರದ ನೀರಡಿಕೆಯೊಂದಿಗೆ, ಕ್ಯಾಲ್ಸಿಯಂ ಏರಿಸಿಕೊಂಡು ಬಂದವಳೊಬ್ಬಳನ್ನು ನೋಡಿದ್ದೇನೆ.

ಹೊಸ ನಮೂನೆಯಲ್ಲಿ ನಿಮಿಷಗಳ ಪ್ರಶ್ನೆಯ ಜೊತೆಗೆ ಮೈಯ ಚಿತ್ರವೂ ಇದೆ. ಸುಟ್ಟ ಗಾಯದ ವಾರ್ಡಿನಲ್ಲಿ ಚರ್ಮದ ಪಾಲು ಲೆಕ್ಕ ಹಾಕುವ 'ಒಂಬತ್ತರ ನಿಯಮ'ದ ಪ್ರಕಾರ ತಲೆ ಮತ್ತು ಕುತ್ತಿಗೆಗೆ ಶೇ. 9, ಒಂದೊಂದು ತೋಳಿಗೆ ಶೇ. 9 ಎಂದು ಭಾಗ ಮಾಡಿ, ಬಿಸಿಲು ತಾಗುವ ಜಾಗಕ್ಕೆ ಪೆನ್ಸಿಲಿನಿಂದ ಬಣ್ಣ ತುಂಬಲು ಹೇಳುತ್ತೇವೆ. ಆ ಪಾಲನ್ನು ಬಿಸಿಲಿನ ಸಮಯದಿಂದ ಗುಣಿಸಿದಾಗ ನಮಗೆ ಬೇಕಾದ ಅಂದಾಜು ಸಿಗುತ್ತದೆ. ಇದನ್ನು ಮೊದಲು ಪರೀಕ್ಷಿಸಿದ ದಿನ ತಾಂಡಾದ ಹೆಣ್ಣುಮಗಳೊಬ್ಬಳು ಮುಖಕ್ಕೆ ಬಣ್ಣ ಹಚ್ಚಿ, ಕೈಗೆ ಬಂದಾಗ ಪೆನ್ಸಿಲ್ ನಿಲ್ಲಿಸಿ ಕೇಳಿದಳು: ಕಸ ಕೀಳುವಾಗ ಅಂಗೈ ನೆಲದ ಕಡೆಗೇ ಇರುತ್ತದೆ, ಅದಕ್ಕೂ ಹಚ್ಚಬೇಕೇ? ಮರುದಿನವೇ ಚಿತ್ರವನ್ನು ತಿದ್ದಿಸಿ, ಅಂಗೈ ಮತ್ತು ಕೈಯ ಹಿಂಬದಿಯನ್ನು ಬೇರೆ ಬೇರೆ ಬರೆಸಿದೆ.