ಆಫೀಸಿಗೆ ಇಂಟರ್ನೆಟ್ ಫೋನ್ ಹಾಕಿಸುವ ಮುಂಚೆ

ಚಿಕ್ಕ ಆಫೀಸಿಗೆ ಇಂಟರ್ನೆಟ್ ಫೋನ್ ಹಾಕಿಸೋಣ ಅಂತಿದ್ದೀರಾ? ಕಂಪನಿಗಳ ಪ್ಲಾನ್ ನೋಡುವ ಮೊದಲು ನಿಮ್ಮ ಇಂಟರ್ನೆಟ್ ಲೈನನ್ನೇ ಪರೀಕ್ಷೆ ಮಾಡಿ.

ಮಾಮೂಲಿ ಜಿ.711 ಕೋಡೆಕ್‌ನಲ್ಲಿ (ದನಿಯನ್ನು ಡಿಜಿಟಲ್ ಡೇಟಾ ಮಾಡುವ ವಿಧಾನ) ಒಂದು ಕರೆಗೆ ಹೋಗಲು, ಬರಲು ತಲಾ ಸುಮಾರು 100 ಕೆಬಿಪಿಎಸ್ ಸಾಕು. ಐದು ಜನ ಒಟ್ಟಿಗೆ ಮಾತಾಡಿದರೂ ಅರ್ಧ ಎಂಬಿಪಿಎಸ್ ಅಷ್ಟೆ. ಹಾಗಾಗಿ ಸುಮ್ನೆ ಸ್ಪೀಡ್ ನೋಡಿ ಖುಷಿಪಡಬೇಡಿ. ಮಾತು ಆ ಕಡೆ ತಲುಪಲು 150 ಮಿಲಿಸೆಕೆಂಡಿಗಿಂತ ತುಂಬಾ ಜಾಸ್ತಿ ಹಿಡಿದರೆ ಒಬ್ಬರ ಮಾತಿಗೆ ಒಬ್ಬರು ಅಡ್ಡ ಬರುತ್ತೀರಿ. ಪ್ಯಾಕೆಟ್‌ಗಳು, ಅಂದರೆ ಮಾತನ್ನು ಹೊತ್ತು ತರುವ ಡೇಟಾ ತುಣುಕುಗಳು, ಒಮ್ಮೆ ಬೇಗ, ಒಮ್ಮೆ ತಡವಾಗಿ ಬಂದರೆ ದನಿ ತುಂಡು ತುಂಡಾಗುತ್ತದೆ. ಹೀಗೆ ಏರುಪೇರಾಗಿ ಬರುವುದನ್ನೇ ಜಿಟರ್ ಅನ್ನುವುದು. ಟ್ರಯಲ್ ಸಮಯದಲ್ಲಿ ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತಿರುವಾಗಲೇ ಕರೆ ಮಾಡಿ, ಬಣ್ಣ ಬಯಲಾಗುತ್ತದೆ! ಆಗ ರೂಟರ್‌ನ ಕ್ಯೂಒಎಸ್ ಸೆಟ್ಟಿಂಗ್‌ನಲ್ಲಿ ಕರೆಗಳಿಗೆ ಮೊದಲ ಸ್ಥಾನ ಕೊಡಿ. ದನಿ ಒಂದೇ ಕಡೆ ಕೇಳಿಸಿದರೆ ರೂಟರ್‌ನಲ್ಲಿ ಸಿಪ್ ಎಎಲ್‌ಜಿ (ಇಂಟರ್ನೆಟ್ ಕರೆಗಳ ಡೇಟಾವನ್ನು ತಿದ್ದುವ ಸೆಟ್ಟಿಂಗ್) ಆಫ್ ಮಾಡಿ ನೋಡಿ. ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದು ಇದೊಂದಕ್ಕೇ.

ಕರೆಂಟ್ ಹೋದರೆ ಫೋನೂ ಹೋಗುತ್ತದೆ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ರೂಟರ್, ನೆಟ್‌ವರ್ಕ್ ಸ್ವಿಚ್ (ಫೋನ್, ಕಂಪ್ಯೂಟರ್‌ಗಳ ಕೇಬಲ್ ಸೇರುವ ಪೆಟ್ಟಿಗೆ) ಎರಡಕ್ಕೂ ಯುಪಿಎಸ್ ಇರಲಿ. ಫೋನ್‌ಗಳಿಗೆ ಸ್ವಿಚ್‌ನಿಂದಲೇ ನೆಟ್‌ವರ್ಕ್ ಕೇಬಲ್‌ನಲ್ಲಿ, ಅಂದರೆ ಪಿಒಇ ಮೂಲಕ ಕರೆಂಟ್ ಬಂದರೆ ಇನ್ನೂ ಸಲೀಸು. ಲೈನ್ ಬಿದ್ದಾಗ ಕರೆಗಳು ತಾನಾಗಿಯೇ ಮೊಬೈಲಿಗೆ ತಿರುಗುತ್ತವೆಯೇ ಅಂತಲೂ ಕೇಳಿ.

ಹಳೇ ನಂಬರ್ ಉಳಿಯುತ್ತದೆಯೇ, ಮುಂದೆ ಕಂಪನಿ ಬದಲಿಸಿದರೆ ನಂಬರ್ ಜೊತೆಗೇ ಬರುತ್ತದೆಯೇ, ತುರ್ತು ಸೇವೆಗೆ ಕರೆ ಹೋಗುತ್ತದೆಯೇ: ಇವಕ್ಕೆ ಬಾಯಿಮಾತು ಬೇಡ, ಬರೆದು ಕೊಡಲಿ. ಹಳೇ ನಂಬರ್ ಹೊಸ ಕಡೆ ಕೆಲಸ ಮಾಡುವವರೆಗೆ ಹಳೇ ಲೈನ್ ಮಾತ್ರ ಕಟ್ ಮಾಡಿಸಬೇಡಿ.