ಚೆಂಡೆಯ ಪೆಟ್ಟಿಗೆ ಇಪ್ಪತ್ತು ವ್ಯಾಟ್

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ನಾನೇ ಕಟ್ಟಿದ ಕ್ಲಾಸ್ ಎ ಆಂಪ್ಲಿಫಯರ್ ಒಂದಿದೆ, ಅಂದರೆ ಹಾಡು ಇಲ್ಲದಾಗಲೂ ಟ್ರಾನ್ಸಿಸ್ಟರುಗಳಲ್ಲಿ ಪೂರ್ತಿ ಕರೆಂಟ್ ಹರಿಯುತ್ತಲೇ ಇರುವ ಜಾತಿಯದು. ಜಾನ್ ಲಿನ್ಸ್‌ಲಿ ಹುಡ್ ಅವರು 1969ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ, ಚಾನಲ್ಲಿಗೆ ನಾಲ್ಕೇ ಟ್ರಾನ್ಸಿಸ್ಟರ್‌ಗಳ ಸರ್ಕ್ಯೂಟ್ ಅದು. 8 ಓಮ್ ಸ್ಪೀಕರಿಗೆ 27 ವೋಲ್ಟ್ ಸಪ್ಲೈ, ಸದಾ ಹರಿಯುವ 1.2 ಆಂಪಿಯರ್ ನಿಶ್ಚಲ ಕರೆಂಟ್, 10 ವ್ಯಾಟ್ ಔಟ್‌ಪುಟ್. ಭಾಗವತರ ಕಂಠಕ್ಕೆ, ವೀಣೆಗೆ ಇದಕ್ಕಿಂತ ಹೆಚ್ಚಿನದು ಬೇಕೆಂದು ನನಗೆ ಎಂದೂ ಅನಿಸಿರಲಿಲ್ಲ. ತೊಂದರೆ ಬಂದದ್ದು ಚೆಂಡೆಯಿಂದ. ಯಕ್ಷಗಾನದ ರೆಕಾರ್ಡಿಂಗ್ ಹಾಕಿ ವಾಲ್ಯೂಮನ್ನು ಸ್ವಲ್ಪ ಏರಿಸಿದರೆ, ಯುದ್ಧದ ಪದಗಳಲ್ಲಿ ಚೆಂಡೆಯ ಪ್ರತಿಯೊಂದು ಪೆಟ್ಟೂ ತುದಿ ಕತ್ತರಿಸಿದಂತೆ ಚಪ್ಪಟೆಯಾಗಿ, ತಗಡು ಬಡಿದ ಹಾಗೆ ಕೇಳುತ್ತಿತ್ತು. ಆಸಿಲ್ಲೋಸ್ಕೋಪಿನಲ್ಲಿ ನೋಡಿದಾಗ ಅಲೆಯ ನೆತ್ತಿ 13 ವೋಲ್ಟಿನ ಆಸುಪಾಸಿನಲ್ಲಿ ಸಪಾಟಾಗಿರುವುದು ಕಾಣಿಸಿತು.

ಪರಿಹಾರ ಪವರನ್ನು 20 ವ್ಯಾಟಿಗೆ ಏರಿಸುವುದು, ಆದರೆ ಪವರ್ ಎರಡು ಪಟ್ಟಾದರೂ ಕಿವಿಗೆ ಸಿಗುವುದು 3 ಡೆಸಿಬೆಲ್ ಮಾತ್ರ. ಬರೀ ಜೋರಾಗಿ ಕೇಳಬೇಕೆನ್ನುವವರು ಅಷ್ಟೇ ಹೆಚ್ಚು ಸೆನ್ಸಿಟಿವಿಟಿಯ, ಎಂದರೆ ಅದೇ ವ್ಯಾಟಿಗೆ ಹೆಚ್ಚು ಜೋರಾಗಿ ನುಡಿಯುವ ಸ್ಪೀಕರ್ ಕೊಳ್ಳುವುದು ಜಾಣತನ, ಅದರಿಂದ ಮನೆ ಬಿಸಿಯಾಗುವುದಿಲ್ಲ. ನನಗೆ ನನ್ನ ಸ್ಪೀಕರುಗಳನ್ನು ಬಿಡಲು ಮನಸ್ಸಿರಲಿಲ್ಲ, ಹಾಗಾಗಿ ಬಿಸಿಯ ದಾರಿಯನ್ನೇ ಹಿಡಿದೆ.

ಲೆಕ್ಕ ಕಷ್ಟದ್ದಲ್ಲ. 8 ಓಮ್‌ಗೆ 20 ವ್ಯಾಟ್ ಕೊಡಬೇಕಾದರೆ ಔಟ್‌ಪುಟ್ ಎರಡೂ ಬದಿಗೆ ಸುಮಾರು 18 ವೋಲ್ಟ್ ಹೋಗಿಬರಬೇಕು, ಟ್ರಾನ್ಸಿಸ್ಟರ್‌ಗಳಲ್ಲಿ ಕಳೆದುಹೋಗುವುದನ್ನು ಸೇರಿಸಿದರೆ ಸಪ್ಲೈ 42 ವೋಲ್ಟ್ ಆಗಬೇಕು. ಕರೆಂಟನ್ನು ಮೂಲದ ಅನುಪಾತದಲ್ಲೇ ಏರಿಸಿದರೆ 1.7 ಆಂಪಿಯರ್. ಇವೆರಡನ್ನೂ ಗುಣಿಸಿದಾಗ ಒಂದು ಚಾನಲ್ಲಿಗೆ 71 ವ್ಯಾಟ್ ಶಾಖ. ಮೊದಲು ಇದ್ದದ್ದು 32. ಹಾಡು ಇರಲಿ, ಇಲ್ಲದಿರಲಿ, ಸ್ವಿಚ್ ಹಾಕಿದ ಕ್ಷಣದಿಂದ ಎರಡು ಚಾನಲ್ ಸೇರಿ 140 ವ್ಯಾಟಿಗೂ ಹೆಚ್ಚು ಶಾಖ ಕೋಣೆಗೆ ಸೇರುತ್ತಲೇ ಇರುತ್ತದೆ. ಪರದೇಶದವರು ತಮ್ಮ ಲೆಕ್ಕವನ್ನು 25 ಡಿಗ್ರಿಯಿಂದ ಆರಂಭಿಸುತ್ತಾರೆ. ಕರಾವಳಿಯಲ್ಲಿ ಕುಳಿತ ನಾವು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನವನ್ನು ನೆನೆದು 35ರಿಂದ ಆರಂಭಿಸಬೇಕು.

ಶಾಖವನ್ನು ಗಾಳಿಗೆ ಬಿಡುವ ಲೋಹದ ಹೀಟ್ ಸಿಂಕಿಗಾಗಿ ಮಂಗಳೂರಿನ ಬಂದರು ಪ್ರದೇಶದ ಗುಜರಿ ಅಂಗಡಿಯೊಂದಕ್ಕೆ ಎರಡು ಬಾರಿ ಹೋದೆ. ಯಾವುದೋ ಯಂತ್ರದಿಂದ ಬಿಚ್ಚಿದ, ಉದ್ದ ರೆಕ್ಕೆಗಳ ಎರಡು ಅಲ್ಯೂಮಿನಿಯಂ ತುಂಡುಗಳು ತೂಕದ ಲೆಕ್ಕದಲ್ಲಿ ಸಿಕ್ಕವು. ಗುಜರಿ ಮಾಲಿಗೆ ಡೇಟಾಶೀಟ್ ಇರುವುದಿಲ್ಲವಾದ್ದರಿಂದ ಅದರ ಸಾಮರ್ಥ್ಯವನ್ನು ನಾನೇ ಅಳೆಯಬೇಕಾಯಿತು. ತುಂಡನ್ನು ರೆಕ್ಕೆಗಳು ಮೇಲಿಂದ ಕೆಳಕ್ಕೆ ಬರುವಂತೆ ನಿಲ್ಲಿಸಿ, ಅದಕ್ಕೆ ಪವರ್ ರೆಸಿಸ್ಟರ್ ಬಿಗಿದು, ಸರಿಯಾಗಿ 40 ವ್ಯಾಟ್ ಉರಿಯುವಂತೆ ಮಾಡಿ ಒಂದೂವರೆ ಗಂಟೆ ಬಿಟ್ಟಾಗ, ಲೋಹದ ಬಿಸಿ ಕೋಣೆಯ ಗಾಳಿಗಿಂತ 17 ಡಿಗ್ರಿ ಮೇಲೆ ಹೋಗಿ ನಿಂತಿತು. ಅಂದರೆ ವ್ಯಾಟಿಗೆ 0.43 ಡಿಗ್ರಿ. 71 ವ್ಯಾಟಿಗೆ 30 ಡಿಗ್ರಿ ಏರಿದರೆ ಕಡು ಬೇಸಗೆಯಲ್ಲಿ ಹೀಟ್ ಸಿಂಕ್ 65, 66ರಲ್ಲಿ ನಿಲ್ಲುತ್ತದೆ. ಕೈ ಇಟ್ಟುಕೊಂಡಿರಲು ಆಗದು, ಆದರೆ ಟ್ರಾನ್ಸಿಸ್ಟರಿಗೆ ಅಪಾಯವಿಲ್ಲ.

ಔಟ್‌ಪುಟ್‌ನಲ್ಲಿ ಮೇಲೆ, ಕೆಳಗೆ ಒಂದೊಂದೇ ಇದ್ದ 2ಎನ್3055 ಪವರ್ ಟ್ರಾನ್ಸಿಸ್ಟರಿನ ಜಾಗದಲ್ಲಿ ಎರಡೆರಡನ್ನು ಸಮಾನಾಂತರವಾಗಿ ಹಾಕಿದೆ. ಒಂದಕ್ಕೇ 36 ವ್ಯಾಟ್ ಹೊರಿಸಿದ್ದರೆ ವಿದ್ಯುತ್ ತಡೆಯುವ ಮೈಕಾ ಹಾಳೆ ಮತ್ತು ಟ್ರಾನ್ಸಿಸ್ಟರಿನ ಒಳಗಿನ ಏರಿಕೆ ಸೇರಿ ಜಂಕ್ಷನ್ (ಒಳಗಿನ ಸಿಲಿಕಾನ್) 135 ಡಿಗ್ರಿ ದಾಟುತ್ತಿತ್ತು. ಇಬ್ಬರಿಗೆ ಹಂಚಿದ್ದರಿಂದ 100ರ ಆಸುಪಾಸಿನಲ್ಲಿ ಉಳಿಯಿತು. ಹತ್ತು ಟ್ರಾನ್ಸಿಸ್ಟರ್ ತಂದು, ಗೇನ್ (ಬೇಸಿಗೆ ಕೊಟ್ಟ ಕರೆಂಟನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದು) ಅಳೆದು, ಹತ್ತಿರ ಹತ್ತಿರದವನ್ನು ಜೋಡಿ ಮಾಡಿ, ಪ್ರತಿಯೊಂದರ ಎಮಿಟರಿಗೆ 0.22 ಓಮ್ ರೆಸಿಸ್ಟರ್ ಕೊಟ್ಟೆ. ಈ ರೆಸಿಸ್ಟರ್ ಇಲ್ಲದಿದ್ದರೆ ಹೆಚ್ಚು ಬಿಸಿಯಾದದ್ದು ಹೆಚ್ಚು ಕರೆಂಟ್ ಎಳೆದು ಇನ್ನಷ್ಟು ಬಿಸಿಯಾಗುತ್ತ ಹೋಗುತ್ತದೆ. ರೆಸಿಸ್ಟರಿನ ಮೇಲೆ 187 ಮಿಲಿವೋಲ್ಟ್ ತೋರಿಸಿದರೆ ಆ ಟ್ರಾನ್ಸಿಸ್ಟರಿನಲ್ಲಿ 0.85 ಆಂಪಿಯರ್ ಹರಿಯುತ್ತಿದೆ ಎಂದು ಮೀಟರಿನಲ್ಲಿ ನೇರವಾಗಿ ಓದಿಕೊಳ್ಳಬಹುದು.

ಪವರ್ ಸಪ್ಲೈಗೆ ಚಾನಲ್ಲಿಗೊಂದರಂತೆ 32 ವೋಲ್ಟ್, 150 ವಿಎ ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜಿನ ನಂತರ 10,000 ಮೈಕ್ರೋಫ್ಯಾರಡ್, 0.47 ಓಮ್, ಮತ್ತೆ 10,000. ಹಳೆಯ ಕೆಪಾಸಿಟರ್‌ಗಳು 35 ವೋಲ್ಟಿನವಾಗಿದ್ದರಿಂದ ಒಂದನ್ನೂ ಉಳಿಸದೆ 63 ವೋಲ್ಟಿನವುಗಳಿಗೆ ಬದಲಾಯಿಸಿದೆ.

ನಾನು ಎಡವಿದ್ದು ಕರೆಂಟ್ ಹೊಂದಿಸುವಲ್ಲಿ. ಹೆಚ್ಚು ಕರೆಂಟ್ ಬೇಕು, ಆದ್ದರಿಂದ ಮೇಲಿನ ಟ್ರಾನ್ಸಿಸ್ಟರಿನ ಬೇಸಿಗೆ ಹೋಗುವ ರೆಸಿಸ್ಟರನ್ನು ಕಡಿಮೆ ಮಾಡಬೇಕು ಎಂದು ಯೋಚಿಸಿ, ಮೊದಲೇ ಕಡಿಮೆ ಮಾಡಿಟ್ಟೆ. ಲೈನಿಗೆ ಸರಣಿಯಲ್ಲಿ ಬಲ್ಬು ಹಾಕಿ ಪರೀಕ್ಷಿಸಿದಾಗ ಶಾರ್ಟ್ ಏನೂ ಕಾಣಲಿಲ್ಲ. ಕಾಣುವ ಹಾಗೂ ಇರಲಿಲ್ಲ, ಏಕೆಂದರೆ ಬಲ್ಬು ಇರುವಾಗ ಸಪ್ಲೈ ಪೂರ್ತಿ ಏರುವುದೇ ಇಲ್ಲ. ಬಲ್ಬು ತೆಗೆದು ನೇರ ಕೊಟ್ಟ ಕೆಲವೇ ಕ್ಷಣಗಳಲ್ಲಿ ಮೀಟರಿನ ಅಂಕಿ ಎರಡೂವರೆ ಆಂಪಿಯರ್ ದಾಟಿತು, ಫ್ಯೂಸ್ ಹಾರಿತು. ಮತ್ತೆ ಕಾಗದ ಹಿಡಿದು ಕುಳಿತಾಗ ತಪ್ಪು ತಿಳಿಯಿತು. ಆ ರೆಸಿಸ್ಟರಿನ ಮೇಲೆ ಬೀಳುವುದು ಹೆಚ್ಚುಕಡಿಮೆ ಸಪ್ಲೈಯ ಅರ್ಧ ವೋಲ್ಟೇಜ್. 27 ಇದ್ದದ್ದು 42 ಆದರೆ, ಏನನ್ನೂ ಮುಟ್ಟದೆಯೇ 1.2 ಆಂಪಿಯರ್ ತಾನಾಗಿ 1.85ರವರೆಗೆ ಏರುತ್ತದೆ. ನಾನು ಮಾಡಬೇಕಾಗಿದ್ದದ್ದು ರೆಸಿಸ್ಟರನ್ನು ಹೆಚ್ಚಿಸುವುದು! ಟ್ರಾನ್ಸಿಸ್ಟರ್‌ಗಳು ಉಳಿದದ್ದು ನನ್ನ ಪುಣ್ಯ.

ಈ ಸರ್ಕ್ಯೂಟಿನಲ್ಲಿ ಕರೆಂಟ್ ಟ್ರಾನ್ಸಿಸ್ಟರಿನ ಗೇನ್ ಮೇಲೆ ನಿಂತಿದೆ, ಗೇನ್ ಬಿಸಿಯಾದಂತೆ ಏರುತ್ತದೆ. ಆದ್ದರಿಂದ ತಣ್ಣಗಿರುವಾಗ 1.5 ಆಂಪಿಯರಿಗೆ ಇಟ್ಟು, ಮುಚ್ಚಳ ಹಾಕಿ ಒಂದು ಗಂಟೆ ಬಿಟ್ಟು, ಆಮೇಲೆ 1.7ಕ್ಕೆ ತಂದೆ. ಮೇಲಿನ, ಕೆಳಗಿನ ಟ್ರಾನ್ಸಿಸ್ಟರುಗಳ ನಡುವಿನ ಮಧ್ಯಬಿಂದುವನ್ನು 21 ವೋಲ್ಟಿಗೆ ಹೊಂದಿಸಿದ್ದೂ ಬಿಸಿಯಾದ ಮೇಲೆಯೇ.

ಭಾವ ಬಂದವರು ಹೀಟ್ ಸಿಂಕ್ ಮುಟ್ಟಿ ಥಟ್ಟನೆ ಕೈ ತೆಗೆದು, "ಎಂತ ಮಾರಾಯ ಇದು, ಹಾಡು ಕೇಳ್ಲಿಕ್ಕೋ, ನೀರು ಕಾಯಿಸ್ಲಿಕ್ಕೋ?" ಎಂದರು. ಅಮ್ಮನಿಗೆ ಮಾತ್ರ ಅದರಲ್ಲಿ ಉಪಯೋಗ ಕಂಡಿತು: "ಮಳೆಗಾಲದಲ್ಲಿ ಇದರ ಮೇಲೆ ಹಲಸಿನ ಹಪ್ಪಳ ಬಿಸಿ ಮಾಡಿಟ್ಟರೆ ಮೆತ್ತಗಾಗುದಿಲ್ಲ." ಅವರ ಮಾತು ಸುಳ್ಳಲ್ಲ. ಆಷಾಢದ ತೇವದಲ್ಲಿ ಮನೆಯ ಉಳಿದ ಉಪಕರಣಗಳ ಕನೆಕ್ಟರ್‌ಗಳು ಹಸಿರುಗಟ್ಟಿದರೂ ಇದರ ಒಳಗೆ ಬೂಸಲು ಬಂದಿಲ್ಲ.

ಸ್ಪೀಕರಿನ ಬದಲಿಗೆ 8 ಓಮ್ ರೆಸಿಸ್ಟರಿನ ಡಮ್ಮಿ ಲೋಡ್ ಹಾಕಿದರೆ ಈಗ ಅಲೆ ಚಪ್ಪಟೆಯಾಗುವುದು 18 ವೋಲ್ಟಿನಲ್ಲಿ, ಎಂದರೆ 20 ವ್ಯಾಟ್. ಚೆಂಡೆಯ ಪೆಟ್ಟಿಗೆ ತುದಿ ಮರಳಿ ಬಂದಿದೆ. ಚರ್ಮದ ಬಿಗಿತವೂ ಅದರ ಹಿಂದಿನ ಮದ್ದಳೆಯೂ ಬೇರೆ ಬೇರೆಯಾಗಿ ಕೇಳುತ್ತವೆ. ಆಂಪ್ಲಿಫಯರಿನ ಒಟ್ಟು ಗೇನ್ ಹಳೆಯದೇ, ಸುಮಾರು 13 ಪಟ್ಟು ಆದ್ದರಿಂದ ಪೂರ್ತಿ ಪವರ್ ಬೇಕಾದರೆ ಒಂದು ವೋಲ್ಟಿನಷ್ಟು ಸಿಗ್ನಲ್ ಬೇಕಾಗುತ್ತದೆ. ಸಿಡಿ ಪ್ಲೇಯರಿಗೆ ಅದು ಲೆಕ್ಕಕ್ಕಿಲ್ಲ.

ಬಾಕಿ ಉಳಿದಿರುವುದು ಸಂಜೆಯ ವೋಲ್ಟೇಜ್. ಲೈನಿನಲ್ಲಿ 230 ಇರಬೇಕಾದದ್ದು 210ಕ್ಕೆ ಇಳಿದ ದಿನ ಸಪ್ಲೈ 38ಕ್ಕೆ ಬಂದು, ನನ್ನ 20 ವ್ಯಾಟ್ 16 ಆಗುತ್ತದೆ. ರೆಗ್ಯುಲೇಟರ್ ಹಾಕಬಹುದು, ಆದರೆ ಅದಕ್ಕೆ ಹೆಚ್ಚುವರಿ ಐದಾರು ವೋಲ್ಟ್ ಬೇಕು, ಆ ಐದಾರು ವೋಲ್ಟೂ ಶಾಖವಾಗಿಯೇ ಹೊರಬರಬೇಕು, ಅದಕ್ಕೆ ಇನ್ನೊಂದು ಹೀಟ್ ಸಿಂಕ್ ಬೇಕು. ಬಂದರಿನ ಗುಜರಿಯವರಿಗೆ ಹೇಳಿಟ್ಟಿದ್ದೇನೆ.