ಮೆನಿಸ್ಕಸ್ ಹೊಲಿಗೆ ಹಾಕಿದ ಕಾಲಿಗೆ ಮೊದಲ ವಾರವೇ ಭಾರ: ನನ್ನ ಅನುಭವ

"ಆರು ವಾರ ಕಾಲು ನೆಲಕ್ಕೆ ಊರಬೇಡಿ." ಬಳ್ಳಾರಿಯಲ್ಲಿ ನಮ್ಮ ಫಿಸಿಯೋಗಳು ಎಲ್ಲಾ ಮೆನಿಸ್ಕಸ್ (ಮೊಣಕಾಲಿನೊಳಗಿನ ಮೆತ್ತೆ) ಹೊಲಿಗೆಗೂ ಇದನ್ನೇ ಹೇಳುತ್ತಿದ್ದರು. ನಾನು ಒಪ್ಪಲಿಲ್ಲ. ಈಗ ತೋರಿಸಲು ನನ್ನ ಪೇಷೆಂಟ್ ಒಬ್ಬನ ಕಾಲಿದೆ.

ಜೀನ್ಸ್ ಹೊಲಿಯುವ ಹುಡುಗ, ಕಬಡ್ಡಿ ಆಟಗಾರ. ಒಳಬದಿಯ ಮೆನಿಸ್ಕಸ್, ಉದ್ದುದ್ದಕ್ಕೆ ಆದ ಸೀಳು. ಮೊಣಕಾಲಿಗೆ ಕಟ್ಟುವ ಬ್ರೇಸ್ ಸೊನ್ನೆ ಡಿಗ್ರಿಗೆ, ಅಂದರೆ ಕಾಲು ಪೂರ್ತಿ ನೇರಕ್ಕೆ, ಲಾಕ್ ಆಗಿದ್ದರೆ ಭಾರ ಇಂಥ ಸೀಳನ್ನು ಒತ್ತಿ ಹಿಡಿಯುತ್ತದೆ. ರೂಟ್ (ಬುಡ ಕಿತ್ತ), ರೇಡಿಯಲ್ (ಅಡ್ಡ) ಸೀಳಿಗೆ ಮಾತ್ರ ಇದು ಬೇಡವೇ ಬೇಡ, ಅಲ್ಲಿ ಅಂಚುಗಳು ದೂರ ಸರಿಯುತ್ತವೆ. ಆಪರೇಷನ್ ನೋಟ್ ಓದಿ, ಸರ್ಜನ್ ಒಪ್ಪಿದ ಮೇಲೇ ಶುರು ಮಾಡಿದೆ. "ಹೊಲಿಗಿ ಬಿಚ್ಚಿದ್ರ ಯಾರು ನೋಡ್ಬೇಕ್ರೀ ಸರ?" ಎಂದು ಹುಡುಗನ ಅಮ್ಮ ಅತ್ತರು.

ಹಿಂದೆ ಆರು ವಾರ ಕಾಲೆತ್ತಿ ಕೂತು ಬಂದವರ ಗತಿ ನೋಡಿದ್ದೆ. ತೊಡೆ ಸೊರಗಿರುತ್ತಿತ್ತು, ಮೊಣಕಾಲು ಪೂರ್ತಿ ನೇರವಾಗುತ್ತಿರಲಿಲ್ಲ. ಹದಿನೈದು ಸಾವಿರದಷ್ಟು ಕೊಟ್ಟು ಕರೆಂಟಿನಿಂದ ಸ್ನಾಯು ಕುಣಿಸುವ ಮಷೀನ್ ತಂದೆ. ಬರೀ ಅದರಿಂದ ಏನೂ ಆಗಲಿಲ್ಲ. ದಿನಕ್ಕೆ ಮುನ್ನೂರು ಫೀಸು, ಮೇಲೆ ಆಟೋ ಖರ್ಚು. ಅರ್ಧಕ್ಕೇ ಬಿಟ್ಟುಹೋದವರೇ ಜಾಸ್ತಿ.

ಈ ಸಲ ಎಂಟುನೂರು ರೂಪಾಯಿಯ, ತೂಕ ನೋಡುವ ಮಷೀನ್ ಸಾಕಾಯಿತು. ಹೊಲಿಗೆ ಹಾಕಿದ ಕಾಲು ಅದರ ಮೇಲೆ, ಇನ್ನೊಂದು ಅಷ್ಟೇ ಎತ್ತರದ ಹಲಗೆ ಮೇಲೆ. ಊರುಗೋಲು ಹಿಡಿದು ಮೊದಲ ವಾರ 15 ಕಿಲೋ, ಮೂರನೇ ವಾರದ ಹೊತ್ತಿಗೆ 30ರ ಹತ್ತಿರ. ಐದಾರು ವಾರಕ್ಕೆ ಬ್ರೇಸ್ ಜೊತೆ ಪೂರ್ತಿ ಭಾರ. ಬೆಳಿಗ್ಗೆ ಟೇಪಿನಲ್ಲಿ ಊತ ಅಳೆಯುವುದು, ಜಾಸ್ತಿಯಾದರೆ ಅವತ್ತು ತೂಕ ಇಳಿಸುವುದು. ಬಗ್ಗಿಸುವುದು ಮಲಗಿದಾಗ ಮಾತ್ರ, 90 ಡಿಗ್ರಿ ದಾಟದಂತೆ. ಹ್ಯಾಮ್‌ಸ್ಟ್ರಿಂಗ್ ಕರ್ಲ್ (ಹಿಂತೊಡೆಯ ಸ್ನಾಯುವಿನ ವ್ಯಾಯಾಮ) ಎರಡು ತಿಂಗಳು ಮುಟ್ಟಲಿಲ್ಲ.

ದೊಡ್ಡ ತಲೆನೋವು ಪಾಯಿಖಾನೆ. ಕಮೋಡ್ ಕುರ್ಚಿಗೆ ದುಡ್ಡಿರಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊಯ್ದು ಕೊಟ್ಟೆ. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಬ್ರೇಸ್ ಒಳಗೆ ಬೆವರುಗುಳ್ಳೆ ಎದ್ದವು. ಫೋಮ್ ಹಾಕಿದೆ, ಇನ್ನೂ ಕೆಟ್ಟಿತು. ಹಳೇ ಬನಿಯನ್ ಸುತ್ತಿದ ಮೇಲೆ ಸರಿಹೋಯಿತು. ಆರು ವಾರದ ನಂತರ ಸೈಕಲ್ ಬದಲು ಕಾಲಲ್ಲಿ ತುಳಿಯುವ ಹಳೇ ಹೊಲಿಗೆ ಮಷೀನ್ ಕೊಟ್ಟು ನೋಡಿದೆ. ಮೊಣಕಾಲು ಅದರಿಂದ ಹೆಚ್ಚೇನೂ ಬಗ್ಗಲಿಲ್ಲ, ಹುಡುಗನಿಗೆ ಧೈರ್ಯ ಮಾತ್ರ ಬಂತು.

ತೊಡೆಯ ಸ್ನಾಯು ಎಬ್ಬಿಸಲು ಚರ್ಮಕ್ಕೆ ಅಂಟಿಸುವ ಟೇಪ್ ಹೇಗೆ ಎಳೆಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್‌ಗೆ ಬನ್ನಿ, ತೋರಿಸುತ್ತೇನೆ.

ಈಗ ಐದು ತಿಂಗಳ ಹತ್ತಿರ. ಕುಂಟುವುದಿಲ್ಲ, ಕೆಲಸಕ್ಕೆ ಹೋಗುತ್ತಿದ್ದಾನೆ. ಬೇಡ ಅಂದಿದ್ದವರೇ ಈಗ ತಮ್ಮ ಪೇಷೆಂಟ್‌ಗಳ ನೋಟ್ ಕಳಿಸಿ ಕೇಳುತ್ತಾರೆ. ಕಬಡ್ಡಿಗೆ ಮಾತ್ರ ಇನ್ನೂ ಬಿಟ್ಟಿಲ್ಲ. ಒಂಟಿಕಾಲ ಜಿಗಿತದಲ್ಲಿ ಆ ಕಾಲು ಇನ್ನೊಂದರ 90 ಪರ್ಸೆಂಟ್ ಮುಟ್ಟಬೇಕು. ಸದ್ಯ 80ರ ಆಸುಪಾಸಿನಲ್ಲಿದೆ.